ಇನ್ನೊಂದೇ ಎಲೆ ಸಾಕು!

‘52 ಎಲೆಗಳ ಇಸ್ಪೀಟು ಕಟ್ಟಿನಿಂದ ಒಂದು ಎಲೆ ತೆಗೆದರೆ ಅದು ರಾಣಿಯಾಗಿರುವ ಸಂಭವನೀಯತೆ ಎಷ್ಟು?’

ಹೈಸ್ಕೂಲು ಗಣಿತದಿಂದ ಹಿಡಿದು ಬ್ಯಾಂಕ್ ಪರೀಕ್ಷೆಯ ಗೈಡ್‌ಗಳವರೆಗೆ ಈ ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ. ಕಟ್ಟಿನಲ್ಲಿ ರಾಣಿಯರು ನಾಲ್ವರು, ಎಲೆಗಳು 52, ಉತ್ತರ 13ರಲ್ಲಿ ಒಂದು. ಎರಡು ಅಂಕ ಬಂತು, ಪುಟ ತಿರುಗಿಸಿದೆವು. ಆದರೆ ಅದೇ ಎಲೆಗಳು ಪಣದ ರೂಪದಲ್ಲಿ ಎದುರಿಗೆ ಬಂದಾಗ ಮಾತ್ರ ಲೆಕ್ಕ ಮರೆತುಹೋಗುತ್ತದೆ. ಆಗ ‘ಯಾಕೋ ಇವತ್ತು ಬರುತ್ತೆ ಅನ್ನಿಸ್ತಿದೆ’ ಎಂಬ ಅನಿಸಿಕೆಯದೇ ರಾಜ್ಯಭಾರ.

ನಾನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿ. ಪೋಕರ್ ಎಂಬ ಆಟ ನನಗೆ ಇಷ್ಟವಾಗಿದ್ದು ಅದರಲ್ಲಿ ಓಡಾಡುವ ಹಣದಿಂದಲ್ಲ, ಅದರೊಳಗಿನ ಎಣಿಕೆಯಿಂದ. ಆ ಎಣಿಕೆಯಲ್ಲಿ ಒಂದೇ ಒಂದನ್ನು, ‘ಫ್ಲಶ್’ ಕೂಡಿಬರುವ ಸಾಧ್ಯತೆಯನ್ನು ಇಲ್ಲಿ ಬಿಡಿಸಿಡುತ್ತೇನೆ. ಆಡದವರಿಗೂ ಇದು ಉಪಯೋಗಕ್ಕೆ ಬರುತ್ತದೆ.

505 ಸಲಕ್ಕೊಮ್ಮೆ

ಫ್ಲಶ್ ಎಂದರೆ ಐದೂ ಎಲೆ ಒಂದೇ ಜಾತಿಯವು. ಐದೂ ಆಟೀನು, ಇಲ್ಲವೇ ಐದೂ ಇಸ್ಪೀಟು, ಹೀಗೆ. ಮೂರೆಲೆ ಆಟದಲ್ಲಿ ಇದನ್ನೇ ‘ಕಲರ್’ ಎನ್ನುತ್ತಾರೆ.

ಚೆನ್ನಾಗಿ ಕಲೆಸಿದ ಕಟ್ಟಿನಿಂದ ಐದು ಎಲೆ ನಿಮಗೆ ಬಂತು ಎಂದುಕೊಳ್ಳಿ. ಮೊದಲನೆಯದು ಯಾವುದಾದರೂ ಆಗಲಿ. ಎರಡನೆಯದು ಅದೇ ಜಾತಿಯದಾಗಬೇಕಾದರೆ ಉಳಿದ 51ರಲ್ಲಿ 12 ಎಲೆಗಳು ಮಾತ್ರ ಕೆಲಸಕ್ಕೆ ಬರುತ್ತವೆ. ಮೂರನೆಯದಕ್ಕೆ 50ರಲ್ಲಿ 11, ನಾಲ್ಕನೆಯದಕ್ಕೆ 49ರಲ್ಲಿ 10, ಐದನೆಯದಕ್ಕೆ 48ರಲ್ಲಿ 9. ಈ ನಾಲ್ಕು ಭಿನ್ನರಾಶಿಗಳನ್ನು ಗುಣಿಸಿದರೆ ಸರಿಸುಮಾರು 505ರಲ್ಲಿ ಒಂದು ಬರುತ್ತದೆ. ದಿನಕ್ಕೊಂದು ಕೈ ಆಡಿದರೆ ಸರಾಸರಿ ಒಂದೂವರೆ ವರ್ಷಕ್ಕೂ ಸ್ವಲ್ಪ ಮೊದಲು ಒಂದು ಫ್ಲಶ್.

ಇನ್ನು ಸಿನಿಮಾದ ನಾಯಕ ಕೊನೆಯ ದೃಶ್ಯದಲ್ಲಿ ಮೇಜಿನ ಮೇಲೆ ಬಡಿಯುವ ‘ರಾಯಲ್ ಫ್ಲಶ್’, ಅಂದರೆ ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು? ಐದು ಎಲೆಗಳ ಒಟ್ಟು ಜೋಡಣೆಗಳು 25,98,960. ಅವುಗಳಲ್ಲಿ ರಾಯಲ್ ಫ್ಲಶ್ ನಾಲ್ಕೇ ನಾಲ್ಕು. ಅಂದರೆ 6,49,740ಕ್ಕೆ ಒಂದು. ಸಿನಿಮಾದಲ್ಲಿ ಮಾತ್ರ ಅದು ಪ್ರತಿ ಶುಕ್ರವಾರ ಬರಬಹುದು!

ಪೋಕರ್‌ನಲ್ಲಿ ಯಾವ ಕೈ ದೊಡ್ಡದು, ಯಾವುದು ಚಿಕ್ಕದು ಎಂಬುದೂ ಈ ಎಣಿಕೆಯಿಂದಲೇ ಹುಟ್ಟಿದ್ದು. ಒಂದರ ಹಿಂದೊಂದು ಅಂಕಿ ಬರುವ ‘ಸ್ಟ್ರೇಟ್’ 10,200 ರೀತಿಯಲ್ಲಿ ಆಗುತ್ತದೆ, ಫ್ಲಶ್ 5,108 ರೀತಿಯಲ್ಲಿ (ಎರಡೂ ಒಟ್ಟಿಗೆ ಆಗುವ 40 ಕೈಗಳನ್ನು ಬಿಟ್ಟು). ಅಪರೂಪವಾದದ್ದಕ್ಕೆ ಬೆಲೆ ಹೆಚ್ಚು. ಹಾಗಾಗಿ ಫ್ಲಶ್ ಮೇಲು.

ಹಬ್ಬದ ದಿನ ಊರ ಜಗಲಿಯಲ್ಲಿ ಮೂರೆಲೆ ಆಡುವುದನ್ನು ನೋಡಿದವರು ಇಲ್ಲಿ ತಕರಾರು ತೆಗೆಯುತ್ತಾರೆ. ‘ನಮ್ಮಲ್ಲಿ ಸೀಕ್ವೆನ್ಸ್ ಮುಂದೆ ಕಲರ್ ಸೋಲುತ್ತಲ್ಲ?’ ಹೌದು, ಅದೂ ಸರಿಯೇ. ಮೂರು ಎಲೆಗಳ ಒಟ್ಟು ಜೋಡಣೆ 22,100. ಅದರಲ್ಲಿ ಸೀಕ್ವೆನ್ಸ್ 720, ಕಲರ್ 1,096. ಎಲೆ ಐದರಿಂದ ಮೂರಕ್ಕೆ ಇಳಿದ ಕೂಡಲೇ ಅಪರೂಪದ ಕ್ರಮ ತಿರುವುಮುರುವಾಯಿತು. ಆದರೆ ಅದೇ ಆಟದಲ್ಲಿ ಒಂದು ಮೋಜು ಇದೆ. ಮೂರು ರಾಜ, ಮೂರು ರಾಣಿ ಬರುವ ‘ಟ್ರಯಲ್’ ಎಲ್ಲಕ್ಕಿಂತ ದೊಡ್ಡ ಕೈ. ಅದು 52 ರೀತಿಯಲ್ಲಿ ಆಗುತ್ತದೆ. ಅದರ ಕೆಳಗಿನ ‘ಪ್ಯೂರ್ ಸೀಕ್ವೆನ್ಸ್’ ಆಗುವುದು 48 ರೀತಿಯಲ್ಲಿ. ಲೆಕ್ಕದ ಪ್ರಕಾರ ಅದೇ ಮೇಲಿರಬೇಕಿತ್ತು! ರೂಢಿ ಎಂಬುದು ಎಲ್ಲ ಸಲವೂ ಎಣಿಸಿ ನೋಡುವುದಿಲ್ಲ.

ನಾಲ್ಕು ಬಂದಿದೆ, ಐದನೆಯದು?

505ರಲ್ಲಿ ಒಂದು ಎಂದರೆ ಯಾರೂ ಹಣ ಕಟ್ಟುವುದಿಲ್ಲ. ಹಣ ಹೋಗುವುದು ನಾಲ್ಕು ಎಲೆ ಕೂಡಿಬಂದಾಗ.

ಈಗ ಹೆಚ್ಚು ಚಾಲ್ತಿಯಲ್ಲಿರುವ ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಪೋಕರ್‌ನಲ್ಲಿ ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ. ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ಬಿಚ್ಚುತ್ತಾರೆ. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಒಟ್ಟು ಏಳರಲ್ಲಿ ಉತ್ತಮವಾದ ಐದು ನಿಮ್ಮ ಕೈ. ಪ್ರತಿ ಹಂತದಲ್ಲೂ ಪಣ ಏರುತ್ತದೆ.

ನಿಮ್ಮ ಕೈಯಲ್ಲಿ ಆಟೀನ್ ಎಕ್ಕ, ಆಟೀನ್ ಒಂಬತ್ತು. ಮೇಜಿನ ಮೇಲೆ ಆಟೀನ್ ರಾಜ, ಆಟೀನ್ ನಾಲ್ಕು, ಜೊತೆಗೆ ಇಸ್ಪೀಟ್ ಏಳು. ನಾಲ್ಕು ಆಟೀನು ಕಣ್ಣ ಮುಂದಿವೆ. ಇನ್ನೆರಡು ಎಲೆ ಬಿಚ್ಚುವುದಿದೆ. ಮನಸ್ಸು ಏನು ಹೇಳುತ್ತದೆ? ‘ಐದರಲ್ಲಿ ನಾಲ್ಕು ಬಂದಾಯ್ತು. ಎಂಬತ್ತು ಪರ್ಸೆಂಟ್ ಕೆಲಸ ಮುಗೀತು.’

ಲೆಕ್ಕ ಹೇಳುವುದು ಬೇರೆ. ನೀವು ನೋಡಿರುವುದು ಐದು ಎಲೆ, ನೋಡದಿರುವುದು 47. ಒಟ್ಟು 13 ಆಟೀನಿನಲ್ಲಿ ನಾಲ್ಕು ಬಂದಿರುವುದರಿಂದ ಉಳಿದದ್ದು 9. ಮುಂದಿನ ಎಲೆ ಆಟೀನು ಆಗುವ ಸಾಧ್ಯತೆ 47ರಲ್ಲಿ 9, ಅಂದರೆ ಶೇ 19. ಅದು ತಪ್ಪಿದರೆ ಕೊನೆಯ ಎಲೆಗೆ 46ರಲ್ಲಿ 9. ಎರಡೂ ಸಲ ತಪ್ಪುವ ಸಾಧ್ಯತೆ ಶೇ 65. ಅಂದರೆ ಫ್ಲಶ್ ಆಗುವುದು ಶೇ 35. ಮೂರು ಸಲ ಕಾದರೆ ಸರಿಸುಮಾರು ಎರಡು ಸಲ ಬರಿಗೈ.

‘ಎದುರಿಗೆ ಕೂತವರ ಕೈಯಲ್ಲೂ ಆಟೀನು ಇರಬಹುದಲ್ಲ, ಅದನ್ನು ಕಳೆಯಬೇಡವೇ?’ ಎಂದು ಕೇಳುವವರಿದ್ದಾರೆ. ಬೇಡ. ಅವರ ಎಲೆ ನಿಮಗೆ ಕಾಣದು, ಕಟ್ಟಿನಲ್ಲಿ ಉಳಿದದ್ದೂ ಕಾಣದು. ಕಾಣದ ಎಲೆ ಎಲ್ಲಿದ್ದರೂ ನಿಮ್ಮ ಲೆಕ್ಕಕ್ಕೆ ಒಂದೇ.

ನನ್ನ ಹಾಸ್ಟೆಲ್ಲಿನ ಗೆಳೆಯನೊಬ್ಬ ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡುತ್ತಿದ್ದ. ನಡುರಾತ್ರಿ ಫೋನು ತೋರಿಸಿ, ‘ನೋಡೋ ಮಗಾ, ಒಂದೇ ಎಲೆ. ಒಂದೇ ಎಲೆ ಬಂದ್ರೆ ಎರಡು ತಿಂಗಳ ಮೆಸ್ ಬಿಲ್’ ಎನ್ನುತ್ತಿದ್ದ. ಎಲೆ ಬರದಿದ್ದಾಗ ಅವನು ‘ಸೋತೆ’ ಎಂದು ಹೇಳಿದ್ದನ್ನು ನಾನು ಕೇಳಲೇ ಇಲ್ಲ. ‘ಛೇ, ಸ್ವಲ್ಪದರಲ್ಲಿ ತಪ್ಪೋಯ್ತು’ ಎನ್ನುತ್ತಿದ್ದ. ಸ್ವಲ್ಪದರಲ್ಲಿ ತಪ್ಪಿದ್ದೂ ಪೂರ್ತಿ ತಪ್ಪಿದ್ದೂ ಕಟ್ಟಿದ ಹಣಕ್ಕೆ ಒಂದೇ. ಆದರೆ ಮನಸ್ಸಿಗೆ ಒಂದೇ ಅಲ್ಲ. ಸ್ವಲ್ಪದರಲ್ಲಿ ತಪ್ಪಿದ್ದು ಅದಕ್ಕೆ ಅರ್ಧ ಗೆದ್ದಂತೆ ಕಾಣುತ್ತದೆ, ಮತ್ತೆ ಕೂರಿಸುತ್ತದೆ. ಆ ಸೆಮಿಸ್ಟರಿನ ಕೊನೆಗೆ ಅವನ ಪರೀಕ್ಷಾ ಶುಲ್ಕವನ್ನು ನಾವು ನಾಲ್ವರು ಸೇರಿ ಕಟ್ಟಿದೆವು.

ಎಲೆಗೆ ನೆನಪಿಲ್ಲ

ಅವನು ಇನ್ನೊಂದು ಮಾತು ಹೇಳುತ್ತಿದ್ದ. ‘ಆರು ಸಲದಿಂದ ಬಂದಿಲ್ಲ, ಈಗ ಬರಲೇಬೇಕು.’ ಹೊಸದಾಗಿ ಕಲೆಸಿದ ಕಟ್ಟಿಗೆ ಹಿಂದಿನ ಆಟದ ನೆನಪಿರುವುದಿಲ್ಲ. ಏಳನೆಯ ಸಲವೂ ಅದೇ ಶೇ 35.

1913ರಲ್ಲಿ ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ರೂಲೆಟ್ ಚಕ್ರದ ಗೋಲಿ ಸತತ 26 ಸಲ ಕಪ್ಪು ಮನೆಯಲ್ಲೇ ಬಿತ್ತು. ‘ಇಷ್ಟು ಸಲ ಕಪ್ಪು, ಇನ್ನು ಕೆಂಪು ಖಂಡಿತ’ ಎಂದು ಕೆಂಪಿನ ಮೇಲೆ ಸುರಿದವರೆಲ್ಲ ಬರಿಗೈಯಲ್ಲಿ ಎದ್ದರು. ಗೋಲಿಗೆ ಯಾರ ಸಾಲವನ್ನೂ ತೀರಿಸುವ ಹಂಗಿಲ್ಲ.

ಕಾಲು ಭಾಗ ಸಾಧ್ಯತೆ, ಇನ್ನರ್ಧ ಬೆಲೆ ಅಲ್ಲ. ಎರಡೂ ಸಮ ಸಮ

ಹಾಗಾದರೆ ಶೇ 35 ಎಂದರೆ ಎದ್ದು ಹೋಗಬೇಕೇ? ಹಾಗೂ ಅಲ್ಲ. ಸಾಧ್ಯತೆ ಎಂಬುದು ಅರ್ಧ ಉತ್ತರ ಮಾತ್ರ. ‘ಕೊಡುವುದೆಷ್ಟು, ಸಿಗುವುದೆಷ್ಟು?’ ಎಂಬುದು ಇನ್ನರ್ಧ.

ಕೊನೆಯ ಒಂದು ಎಲೆ ಬಾಕಿ ಇದೆ. ಮೇಜಿನ ಮೇಲೆ ₹400 ಇದೆ, ಆಟದಲ್ಲಿ ಉಳಿಯಲು ನೀವು ₹100 ಹಾಕಬೇಕು. ಇದೇ ಸಂದರ್ಭ 46 ಸಲ ಬಂತು ಎಂದುಕೊಳ್ಳಿ. 9 ಸಲ ಆಟೀನು ಬಂದು ₹3,600 ಸಿಗುತ್ತದೆ. 37 ಸಲ ತಪ್ಪಿ ₹3,700 ಹೋಗುತ್ತದೆ. ಕೂದಲೆಳೆಯ ನಷ್ಟ. ಮೇಜಿನ ಮೇಲೆ ₹200 ಮಾತ್ರ ಇದ್ದರೆ ಸಿಗುವುದು ₹1,800, ಹೋಗುವುದು ಅದೇ ₹3,700. ₹600 ಇದ್ದರೆ ಸಿಗುವುದು ₹5,400, ಅಂದರೆ ಲಾಭ. ಎಲೆ ಅದೇ, ಸಾಧ್ಯತೆ ಅದೇ. ಬೆಲೆ ಬದಲಾದಾಗ ಸರಿಯಾದ ತೀರ್ಮಾನವೂ ಬದಲಾಯಿತು.

ಇಷ್ಟು ಕಲಿತರೆ ಗೆಲ್ಲಬಹುದು ಎಂದು ಹೊರಡಬೇಡಿ. ಹಣದ ಮೇಜು ನಡೆಸುವವರು ಸಾಮಾನ್ಯವಾಗಿ ಪ್ರತಿ ಆಟದ ಹಣದಲ್ಲಿ ತಮ್ಮ ಪಾಲು ಮುರಿದುಕೊಳ್ಳುತ್ತಾರೆ. ಆಡುವವರೆಲ್ಲರ ಹಣ ಒಟ್ಟಾಗಿ ನೋಡಿದರೆ ಕರಗುತ್ತಲೇ ಹೋಗುತ್ತದೆ. ಜೊತೆಗೆ ನಿಮ್ಮ ಎದುರಿಗೆ ಕೂತವರಿಗೂ ಈ ಲೆಕ್ಕ ಬರುತ್ತದೆ. ಕರ್ನಾಟಕ 2021ರಲ್ಲಿ ಇಂಥ ಆಟಗಳನ್ನು ನಿಷೇಧಿಸಿ ತಂದ ತಿದ್ದುಪಡಿಯನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆ್ಯಪ್ ಮುಚ್ಚಬಹುದು. ‘ಇನ್ನೊಂದೇ ಎಲೆ’ ಎನ್ನುವ ಮನಸ್ಸನ್ನು ಮುಚ್ಚಲು ಕಾನೂನಿಗೆ ಆಗದು. ಅದಕ್ಕೆ ಎಣಿಕೆಯೇ ಬೇಕು.

ಋತುಪರ್ಣನ ಎಲೆ ಎಣಿಕೆ

ಈ ವಿದ್ಯೆ ಜೂಜಿನಿಂದಲೇ ಹುಟ್ಟಿದ್ದು ವಿಚಿತ್ರ. ಅರ್ಧಕ್ಕೆ ನಿಂತ ಆಟದ ಪಣವನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂಬ ಪ್ರಶ್ನೆ ಹಿಡಿದು 1654ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡರು. ಇಂದು ವಿಮೆ, ಹವಾಮಾನ ಮುನ್ಸೂಚನೆ, ಔಷಧ ಪರೀಕ್ಷೆಗಳಲ್ಲೆಲ್ಲ ಬಳಕೆಯಾಗುವ ಸಂಭವನೀಯತೆಯ ಗಣಿತಕ್ಕೆ ಬುನಾದಿ ಬಿದ್ದದ್ದು ಆ ಪತ್ರಗಳಲ್ಲಿ.

ನಮ್ಮ ನಳನ ಕಥೆಯಲ್ಲೂ ಇದರ ಛಾಯೆಯಿದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಬಾಹುಕನಾಗಿ ಋತುಪರ್ಣನ ರಥ ಓಡಿಸುತ್ತಿದ್ದಾಗ ಆ ರಾಜ ದಾರಿಬದಿಯ ತಾರೆ ಮರವೊಂದನ್ನು ನೋಡಿ ಅದರ ಎಲೆ, ಕಾಯಿಗಳ ಲೆಕ್ಕ ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿದರೆ ಲೆಕ್ಕ ಸರಿಯಾಗಿರುತ್ತದೆ. ತನ್ನ ಅಶ್ವಹೃದಯ ವಿದ್ಯೆ ಕೊಟ್ಟು ಅವನಿಂದ ಅಕ್ಷಹೃದಯ ಕಲಿಯುತ್ತಾನೆ. ದಾಳದ ಗುಟ್ಟು ಬಲ್ಲವನೇ ಮರದ ಎಲೆಗಳ ಲೆಕ್ಕವನ್ನೂ ಬಲ್ಲವನಾಗಿರುವುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಒಎಂಆರ್ ಹಾಳೆಯ ಮುಂದೆ

ಈಗ ಉದ್ಯೋಗ ಅರಸುವ ನಮ್ಮ ಮಾತಿಗೆ ಬರೋಣ. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ ಪ್ರತಿ ಪ್ರಶ್ನೆಗೆ ಎರಡು ಅಂಕ, ನಾಲ್ಕು ಆಯ್ಕೆ. ತಪ್ಪಾದರೆ ಅಂಕದ ಮೂರನೇ ಒಂದು ಭಾಗ ಕಡಿತ. ಉತ್ತರ ಗೊತ್ತಿಲ್ಲ. ಗುರುತು ಹಾಕಬೇಕೋ ಬೇಡವೋ? ಪೋಕರ್ ಮೇಜಿನ ಅದೇ ಎರಡು ಪ್ರಶ್ನೆ ಇಲ್ಲೂ: ಸಾಧ್ಯತೆ ಎಷ್ಟು, ಬೆಲೆ ಎಷ್ಟು?

ಏನೂ ಗೊತ್ತಿಲ್ಲದೆ ಕಣ್ಣುಮುಚ್ಚಿ ಹಾಕಿದರೆ ನಾಲ್ಕು ಪ್ರಶ್ನೆಗೆ ಸರಾಸರಿ ಒಂದು ಸರಿ, ಮೂರು ತಪ್ಪು. ಬಂದದ್ದು ಎರಡು ಅಂಕ, ಹೋದದ್ದೂ ಎರಡು ಅಂಕ. ಫಲ ಸೊನ್ನೆ. ಒಂದು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಿದ್ದರೆ ಪ್ರತಿ ಪ್ರಶ್ನೆಗೆ ಸರಾಸರಿ 0.22 ಅಂಕ ಲಾಭ. ಎರಡು ಆಯ್ಕೆ ತೆಗೆದುಹಾಕಲು ಸಾಧ್ಯವಾದರೆ 0.67. ಅಂಥ 15 ಪ್ರಶ್ನೆ ಬಿಟ್ಟುಬಂದವರು ಸರಾಸರಿ 10 ಅಂಕ ಮೇಜಿನ ಮೇಲೇ ಬಿಟ್ಟು ಬಂದಂತೆ. ಬೇರೆ ಪರೀಕ್ಷೆಗಳಲ್ಲಿ ಕಡಿತದ ಪ್ರಮಾಣ ಬೇರೆ ಇರುತ್ತದೆ. ಹಾಲ್‌ಟಿಕೆಟ್ ಜೊತೆಗಿನ ಸೂಚನೆ ಓದಿ, ಇದೇ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ.

ಎಲೆಗೂ ಪರೀಕ್ಷೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಟ್ಟಿನಲ್ಲಿ ಉಳಿದ ಆಟೀನು ಒಂಬತ್ತೇ. ನೀವು ರಾತ್ರಿಯಿಡೀ ಕೂತರೂ ಅದು ಹತ್ತಾಗುವುದಿಲ್ಲ. ಆದರೆ ರಾತ್ರಿ ಎರಡು ತಾಸು ಓದಿದರೆ ನಾಲ್ಕು ಆಯ್ಕೆ ಮೂರಾಗುತ್ತದೆ, ಮೂರು ಎರಡಾಗುತ್ತದೆ. ಸಾಧ್ಯತೆಯನ್ನು ನಮ್ಮ ಕಡೆಗೆ ಎಳೆದುಕೊಳ್ಳಲು ಬರುವ ಆಟ ಅದೊಂದೇ.

ನಂಬಿಕೆ ಬಾರದಿದ್ದರೆ ಇವತ್ತು ಒಂದು ಕಟ್ಟು ಇಸ್ಪೀಟು ತೆಗೆದುಕೊಳ್ಳಿ. ಮೇಲೆ ಹೇಳಿದ ಐದು ಎಲೆಗಳನ್ನು ಬದಿಗಿಟ್ಟು ಉಳಿದ 47ನ್ನು ಕಲೆಸಿ ಎರಡು ಎಲೆ ತೆಗೆಯಿರಿ. ಆಟೀನು ಬಂತೇ? ಬರೆದಿಡಿ. ಮತ್ತೆ ಕಲೆಸಿ. ಹೀಗೆ 40 ಸಲ. ಬಂದದ್ದು ಹದಿನಾಲ್ಕರ ಆಸುಪಾಸಿನಲ್ಲಿರುತ್ತದೆ, ಬಾರದಿದ್ದದ್ದು ಇಪ್ಪತ್ತಾರರ ಆಸುಪಾಸಿನಲ್ಲಿ. ಒಂದು ರೂಪಾಯಿಯೂ ಖರ್ಚಿಲ್ಲ. ಈ ಪಾಠಕ್ಕೆ ಬೇರೆಯವರು ಕಟ್ಟಿರುವ ಶುಲ್ಕ ಮಾತ್ರ ಬಹಳ ದೊಡ್ಡದು.