ಬೇವಿನ ಮರದ ದುಂಬಿ, ಶೇಂಗಾ ಹೊಲದ ಗೊಣ್ಣೆಹುಳು



ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಶೇಂಗಾ ಗಿಡ ಅಲ್ಲಲ್ಲಿ ಬಾಡಿದರೆ 'ಮಳೆ ಸಾಲದು' ಎನ್ನುವುದು ವಾಡಿಕೆ. ಬಾಡಿದ ಗಿಡವನ್ನೊಮ್ಮೆ ಕಿತ್ತು ನೋಡಿರಿ. ಸುಲಭವಾಗಿ ಕಿತ್ತುಬಂದು, ಬೇರು ಕಡಿದಂತಿದ್ದರೆ ಬುಡದ ಮಣ್ಣನ್ನು ಗೇಣುದ್ದ ಅಗೆಯಿರಿ. ಕುಡುಗೋಲಿನಂತೆ ಬಾಗಿದ, ಕಂದು ತಲೆಯ ಬಿಳಿ ಹುಳು ಸಿಕ್ಕರೆ ಅದೇ ಗೊಣ್ಣೆಹುಳು.

ಇದರ ತಾಯಿ ಕಂದು ಬಣ್ಣದ ದುಂಬಿ. ಮುಂಗಾರಿನ ಮೊದಲ ಹದಮಳೆಯಾದ ಮೇಲೆ, ಸಂಜೆ ಕತ್ತಲಾಗುತ್ತಲೇ ನೆಲದಿಂದೆದ್ದು ಬೇವು, ಜಾಲಿ ಮರಗಳಿಗೆ ಹಾರುತ್ತದೆ. ಇರುಳಲ್ಲಿ ಎಲೆ ತಿಂದು, ಬೆಳಗಾಗುವ ಮುನ್ನ ಮಣ್ಣು ಸೇರುತ್ತದೆ. ಹಗಲಲ್ಲಿ ದುಂಬಿ ಕಾಣದು. ತಿಂದ ಎಲೆಯೇ ಗುರುತು. ಹೆಣ್ಣು ದುಂಬಿ ತೇವದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಸುಮಾರು ಎರಡು ವಾರದಲ್ಲಿ ಮರಿಯಾಗಿ, ಬೆಳೆದಂತೆ ಬೇರಿಗೆ ಬಾಯಿ ಹಾಕುತ್ತದೆ.

ಮಣ್ಣೊಳಗಿನ ಹುಳುವನ್ನು ಹುಡುಕುವುದಕ್ಕಿಂತ ಮರದ ಮೇಲಿನ ದುಂಬಿಯನ್ನು ಹಿಡಿಯುವುದು ಸುಲಭ. ಮೊದಲ ಮಳೆಯಾದ ಮೇಲೆ ಕೆಲವು ದಿನ ಹೀಗೆ ಮಾಡಿರಿ:

1. ಕತ್ತಲಾದ ಮೇಲೆ ಮರದಡಿ ಗೋಣಿತಾಟು ಹಾಸಿ, ದೀಪ ಹಿಡಿದು ಕೊಂಬೆ ಅಲುಗಿಸಿರಿ.
2. ಬಿದ್ದ ದುಂಬಿಗಳನ್ನು ಸೋಪಿನ ನೀರು ತುಂಬಿದ ಬಕೆಟ್ಟಿಗೆ ಹಾಕಿರಿ.
3. ಬದುವಿನ ಬೇವನ್ನು ಕಡಿಯಬೇಡಿರಿ. ದುಂಬಿಯನ್ನು ಒಂದೆಡೆ ಕೂಡಿಸಿಕೊಡುವುದು ಅದೇ.
4. ಬೆಳೆ ಕಿತ್ತ ಮೇಲೆ ಆಳವಾಗಿ ಉಳುಮೆ ಮಾಡಿರಿ. ಮೇಲೆದ್ದ ಹುಳುಗಳನ್ನು ಕಾಗೆ, ಬೆಳ್ಳಕ್ಕಿಗಳು ಹೆಕ್ಕುತ್ತವೆ.

ಒಬ್ಬರೇ ಹಿಡಿದರೆ ನೆರೆ ಹೊಲದ ದುಂಬಿ ಬಂದೀತು. ಊರೆಲ್ಲ ಒಟ್ಟಾಗಿ ಕೈಹಚ್ಚಬೇಕು. ಈ ದುಂಬಿಗೆ ವರ್ಷಕ್ಕೆ ಒಂದೇ ಸಂತತಿ. ಆ ಕೆಲವು ಸಂಜೆಗಳನ್ನು ಕಳೆದುಕೊಂಡರೆ ಮತ್ತೆ ಮುಂದಿನ ಮುಂಗಾರಿನವರೆಗೆ ಕಾಯಬೇಕು. ಅಷ್ಟರಲ್ಲಿ ಈ ವರ್ಷದ ಬೆಳೆಯ ಬೇರು ಹುಳುವಿನ ಪಾಲಾಗಿರುತ್ತದೆ.