ಕಟ್ಟಡದ ಮಣ್ಣು ಗಟಾರ ಸೇರದಿರಲಿ

ಮಿರಗದ ಮಳೆ ಹಿಡಿಯಿತೆಂದರೆ ಹೊಲಮನೆ ಇದ್ದವರಿಗೆ ಹಿಗ್ಗು. ಊರಲ್ಲಿ ಸಂಸಾರ ಹೂಡಿರುವ ನಮಗೂ ಬಿಸಿಲಿನ ಬೇಗೆ ಕಳೆಯಿತಲ್ಲ ಎಂಬ ಸಮಾಧಾನ. ಆದರೆ ಆಜೂಬಾಜು ಎಲ್ಲಿಯಾದರೂ ಕಟ್ಟಡ ಏಳುತ್ತಿದ್ದರೆ ಆ ಸಮಾಧಾನ ಒಂದೇ ದಿನದ್ದು. ಮರುದಿನ ಓಣಿ ತುಂಬ ಕೆಸರು, ಗಟಾರ ತುಂಬ ಮಣ್ಣು. ಕಸಬರಿಗೆ ಹಿಡಿದು ನಿಲ್ಲುವವರು ಮಾತ್ರ ನಾವೇ ಹೆಣ್ಣುಮಕ್ಕಳು.

ಹುಬ್ಬಳ್ಳಿಯಲ್ಲಿ ನಾವಿರುವ ದೇಶಪಾಂಡೆ ನಗರ ಹಳೆಯ ಬಡಾವಣೆ. ಗಂಗೂಬಾಯಿ ಹಾನಗಲ್ ಅವರು ಬಾಳಿದ ಮನೆ, ಸವಾಯಿ ಗಂಧರ್ವ ಹಾಲ್ ಇರುವುದು ಇಲ್ಲಿಯೇ. ಈಗ ಅಲ್ಲಲ್ಲಿ ಹಳೆಯ ಮನೆ ಕೆಡವಿ ಮಾಳಿಗೆಯ ಮೇಲೆ ಮಾಳಿಗೆ ಏರಿಸುತ್ತಾರೆ. ಅದಕ್ಕೆ ಯಾರ ತಕರಾರೂ ಇಲ್ಲ. ಮಕ್ಕಳು ಮೊಮ್ಮಕ್ಕಳಾದಂತೆ ಮನೆಯೂ ದೊಡ್ಡದಾಗಲೇಬೇಕು. ಕಟ್ಟುವವರ ಮಣ್ಣು ಕಟ್ಟುವವರ ಜಾಗದಲ್ಲೇ ಉಳಿಯಲಿ ಎಂಬುದಷ್ಟೇ ನಮ್ಮ ಮಾತು.

ಎರೆ ಮಣ್ಣಿನ ಗುಣ

ನಮ್ಮ ಕಡೆಯ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಅಂಥ ನೆಲದಲ್ಲಿ ಪಾಯ ಆಳಕ್ಕೆ ಇಳಿಸಬೇಕಾಗುತ್ತದೆ. ಎರೆ ತೆಗೆದು ಗರಸು ತುಂಬುವುದೂ ಉಂಟು. ಹೀಗೆ ಅಗೆದ ಮಣ್ಣು ಗುಡ್ಡೆಯಾಗಿ ರಸ್ತೆಯ ಅಂಚಿಗೆ ಬೀಳುತ್ತದೆ.

ಇದರ ಗುಣ ತಿಳಿಯಬೇಕಾದರೆ ಮನೆಯಲ್ಲೇ ನೋಡಿ. ಒಂದು ಗಾಜಿನ ಬಾಟಲಿಯಲ್ಲಿ ಹಿಡಿ ಉಸುಕು, ಇನ್ನೊಂದರಲ್ಲಿ ಹಿಡಿ ಎರೆ ಹಾಕಿ, ನೀರು ತುಂಬಿ ಅಲ್ಲಾಡಿಸಿ ಇಡಿ. ಉಸುಕು ಸ್ವಲ್ಪ ಹೊತ್ತಿನಲ್ಲೇ ತಳ ಕೂಡುತ್ತದೆ. ಎರೆ ಬೆರೆತ ನೀರು ಮಾತ್ರ ತಾಸುಗಟ್ಟಲೆ, ಕೆಲವು ಸಲ ದಿನಗಟ್ಟಲೆ ತಿಳಿಯಾಗುವುದಿಲ್ಲ. ಅದರ ಕಣ ಅಷ್ಟು ಸಣ್ಣ. ಹಾಗಾಗಿ ಒಮ್ಮೆ ಗಟಾರಕ್ಕಿಳಿದ ಎರೆಯನ್ನು ಮುಂದೆಲ್ಲೋ ಸೋಸಿ ತೆಗೆಯುತ್ತೇವೆಂದರೆ ಆಗದ ಮಾತು. ಗುಡ್ಡೆಯಿಂದ ಕದಲದಂತೆ ನೋಡಿಕೊಳ್ಳುವುದೇ ಸುಲಭ.

ಹೊರದೇಶದವರು ಇದನ್ನು ಲೆಕ್ಕ ಹಾಕಿದ್ದಾರೆ. ಕಟ್ಟಡದ ಜಾಗದಿಂದ ಕೊಚ್ಚಿಹೋಗುವ ಮಣ್ಣು ಸಾಗುವಳಿ ಹೊಲದಿಂದ ಹೋಗುವುದರ 10ರಿಂದ 20 ಪಟ್ಟು ಎಂದು ಅಮೆರಿಕದ ಪರಿಸರ ಇಲಾಖೆ ಹೇಳುತ್ತದೆ. ಅಲ್ಲಿ 2003ರಿಂದ ಒಂದು ಎಕರೆ ಅಥವಾ ಹೆಚ್ಚು ನೆಲ ಅಗೆಯುವವರು ಮಳೆನೀರಿಗಾಗಿಯೇ ಬೇರೆ ಪರವಾನಗಿ ಪಡೆಯಬೇಕು.

ನಮಗಾಗುವ ತೊಂದರೆ

ಗಟಾರ ಕಟ್ಟಿದರೆ ನೀರು ರಸ್ತೆಗೆ ಬರುತ್ತದೆ, ನಿಂತಲ್ಲಿ ಸೊಳ್ಳೆ ಏಳುತ್ತದೆ, ಶಾಲೆಗೆ ಹೊರಟ ಮಕ್ಕಳು, ಗುಡಿಗೆ ಹೊರಟ ಮುದುಕರು ಜಾರಿ ಬೀಳುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ಸಂಕಟ ಕುಡಿಯುವ ನೀರಿನದು. ದಿನಾ ನಳ ಬಾರದ ಓಣಿಗಳಲ್ಲಿ ನೆಲದ ಟಾಕಿಯೇ ಸಂಸಾರದ ಆಧಾರ. ಹೋದ ಮಳೆಗಾಲದಲ್ಲಿ ಹಿಂದಿನ ಸಾಲಿನ ಒಂದು ಕಟ್ಟಡದ ಮಣ್ಣು ಗಟಾರ ಮುಚ್ಚಿ, ರಾಡಿ ನೀರು ನಮ್ಮ ಅಂಗಳಕ್ಕೆ ಏರಿ ಟಾಕಿಯೊಳಗೇ ಇಳಿಯಿತು. ತುಂಬಿಟ್ಟ ನೀರೆಲ್ಲ ಚೆಲ್ಲಿ, ಟಾಕಿ ತಿಕ್ಕಿ ತೊಳೆದು, ಮುಂದಿನ ನಳ ಬರುವತನಕ ಕೊಡ ಹಿಡಿದು ಮನೆಮನೆ ತಿರುಗಿದ್ದಾಯಿತು.

ಕಾಯ್ದೆ ಏನೆನ್ನುತ್ತದೆ?

ಚರಂಡಿ ಕಟ್ಟುವುದು, ಸುಸ್ಥಿತಿಯಲ್ಲಿಡುವುದು ಪಾಲಿಕೆಯ ಕರ್ತವ್ಯವೆಂದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಹೇಳುತ್ತದೆ. ಕಟ್ಟಿಸುವವರ ಹೊಣೆಯನ್ನು ಕೇಂದ್ರ ಸರ್ಕಾರ 2016ರ ಕಟ್ಟಡ ತ್ಯಾಜ್ಯ ನಿಯಮಗಳಲ್ಲಿ ಬಿಡಿಸಿ ಹೇಳಿತು. ತ್ಯಾಜ್ಯವನ್ನು ತಮ್ಮ ಆವರಣದಲ್ಲಿಯೇ ಇಡಬೇಕು ಇಲ್ಲವೆ ಗೊತ್ತುಮಾಡಿದ ಜಾಗಕ್ಕೆ ಸಾಗಿಸಬೇಕು; ಅದು ಜನರಿಗೂ ವಾಹನಗಳಿಗೂ ಚರಂಡಿಗೂ ಅಡ್ಡಿಯಾಗಬಾರದು. ಬೇರ್ಪಡಿಸಬೇಕಾದ ತ್ಯಾಜ್ಯಗಳಲ್ಲಿ ಮಣ್ಣನ್ನೂ ಹೆಸರಿಸಿತ್ತು. 2025ರಲ್ಲಿ ಇದರ ಬದಲಿಗೆ ಹೊಸ ನಿಯಮ ಪ್ರಕಟಿಸಿ, 2026ರ ಏಪ್ರಿಲ್ 1ರಿಂದ ಜಾರಿ ಎಂದು ಗೊತ್ತುಮಾಡಿತು.

ಇನ್ನೊಂದು ನಿಯಮ 2018ರದು. ಗಾಳಿಯಲ್ಲಿ ಧೂಳು ಮಿತಿಮೀರಿದ ಊರುಗಳಲ್ಲಿ ಕಟ್ಟಡದ ಮಣ್ಣು, ಉಸುಕು ಮುಚ್ಚದೆ ಇಡುವಂತಿಲ್ಲ. ಮರುವರ್ಷ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿ ಕೆಟ್ಟ ಊರುಗಳ ಪಟ್ಟಿಗೆ ಬೆಂಗಳೂರು, ದಾವಣಗೆರೆ, ಕಲಬುರಗಿಗಳೊಡನೆ ನಮ್ಮ ಹುಬ್ಬಳ್ಳಿ-ಧಾರವಾಡವೂ ಸೇರಿತು. ಬೇಸಿಗೆಯಲ್ಲಿ ಧೂಳಾಗುವ ಗುಡ್ಡೆಯೇ ಮಳೆಗಾಲದಲ್ಲಿ ಕೆಸರು. ಒಂದು ಹೊದಿಕೆ ಎರಡಕ್ಕೂ ಆಗುತ್ತದೆ.

ಖರ್ಚಿಲ್ಲದ ಉಪಾಯಗಳು

ಮನೆ ಕಟ್ಟಿಸುತ್ತಿರುವ ಸೋದರಿಯರು ಗುತ್ತಿಗೆದಾರರಿಗೆ ಇಷ್ಟು ಹೇಳಿದರೆ ಸಾಕು:

1. ಆಳದ ಅಗೆತ ಮಿರಗಕ್ಕೆ ಮೊದಲೇ ಮುಗಿಯಲಿ.

2. ಗುಡ್ಡೆ ಗಟಾರದಿಂದ ದೂರ, ಕಂಪೌಂಡಿನ ಒಳಗಿರಲಿ. ಮೇಲೆ ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲು ಹೇರಲಿ.

3. ಇಳಿಜಾರಿನ ಕಡೆ ಉಸುಕು ತುಂಬಿದ ಚೀಲಗಳ ಒಡ್ಡು ಹಾಕಲಿ. ಒಡ್ಡು ಜಾಗದೊಳಗಿರಬೇಕು, ಗಟಾರಕ್ಕೇ ಚೀಲ ತುರುಕಿದರೆ ಕಷ್ಟ ಇಮ್ಮಡಿ.

4. ಲಾರಿ ಹೊರಬರುವ ಬಾಗಿಲಿಗೆ ದಪ್ಪ ಖಡಿ ಹರಡಲಿ. ಗಾಲಿಗೆ ಅಂಟಿದ ಮಣ್ಣು ಅಲ್ಲೇ ಉದುರುತ್ತದೆ.

5. ಪಾಯದಲ್ಲಿ ನಿಂತ ನೀರನ್ನು ಪಂಪಿನಿಂದ ನೇರ ಗಟಾರಕ್ಕೆ ಬಿಡದೆ, ಮೂಲೆಯ ಗುಂಡಿಯಲ್ಲಿ ನಿಲ್ಲಿಸಿ ತಳ ಕೂಡಿದ ಮೇಲೆ ಬಿಡಲಿ.

6. ಸಿಮೆಂಟ್ ಬುಟ್ಟಿ, ಸಲಿಕೆ ತೊಳೆದ ನೀರು ಗಟಾರ ಸೇರದಿರಲಿ. ಅದು ಅಲ್ಲೇ ಗಟ್ಟಿಯಾಗಿ ಕೂರುತ್ತದೆ.

ಯಾರಿಗೆ ಹೇಳುವುದು?

ಮೊದಲು ಮಾಲೀಕರಿಗೆ, ನಯವಾಗಿ. ಗೌಂಡಿಗಳ ಮೇಲೆ, ಜೋಪಡಿಯಲ್ಲಿರುವ ಕೂಲಿ ಹೆಣ್ಣುಮಕ್ಕಳ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಅವರು ಹೇಳಿಸಿಕೊಂಡ ಕೆಲಸ ಮಾಡುವವರು. ಮಾಲೀಕರು ಕೇಳದಿದ್ದರೆ ಪಾಲಿಕೆಯ ವಲಯ ಕಚೇರಿಗೆ ಅರ್ಜಿ ಕೊಡಿ. ಜಾಗದ ವಿಳಾಸ, ತಾರೀಖು, ಗಟಾರದ ಫೋಟೋ ಇರಲಿ. ಒಂದು ಪ್ರತಿಗೆ ಶಿಕ್ಕಾ ಹಾಕಿಸಿಕೊಂಡು ಇಟ್ಟುಕೊಳ್ಳಿ. ಕಟ್ಟಡದ ಪರವಾನಗಿಯ ಪ್ರತಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು.

“ನಮ್ಮ ಮಾತು ಯಾರು ಕೇಳತಾರ್ರಿ ಅಕ್ಕಾರ?” ಎಂದು ಪಕ್ಕದ ಮನೆಯಾಕೆ ಹಿಂಜರಿದಿದ್ದಳು. “ಒಬ್ಬರು ಹೇಳಿದರ ಕೇಳಂಗಿಲ್ಲವಾ, ಎಂಟು ಮಂದಿ ಹೋಗಿ ನಿಂತರ ಕೇಳತಾರ” ಎಂದೆ. ಎಂಟು ಮಂದಿಯೇ ಹೋದೆವು. ಮಾಲೀಕರು ಮೊದಲು ಮುಖ ಗಂಟಿಕ್ಕಿದರೂ ಎರಡು ದಿನಕ್ಕೆ ತಾಡಪತ್ರಿ ಬಂತು, ಚೀಲದ ಒಡ್ಡು ಬಿತ್ತು. ಮುಂದಿನ ಮಳೆಯಲ್ಲಿ ನೀರು ಕದಡಿಯೇ ಹರಿಯಿತು, ಆದರೆ ಗಟಾರ ಮುಚ್ಚಲಿಲ್ಲ, ಯಾರ ಟಾಕಿಗೂ ರಾಡಿ ಇಳಿಯಲಿಲ್ಲ.

ಈ ಸಲ ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿ ತುಂಬುವ ದಿನಗಳಲ್ಲೇ ನಿಮ್ಮ ಓಣಿಯಲ್ಲೂ ಒಮ್ಮೆ ಸುತ್ತಿ ಬನ್ನಿ. ಎಲ್ಲೆಲ್ಲಿ ಗುಡ್ಡೆ ಬಿದ್ದಿದೆ ನೋಡಿ, ಮಳೆ ಬೀಳುವ ಮೊದಲೇ ಮಾತಾಡಿ.