ಮಗ್ಗದ ಮನೆಯಿಂದ ಮೋಟಾರು ಲೋಕಕ್ಕೆ: ಟೊಯೋಟಾ ಗಳಿಸಿದ ಹೆಸರು, ತೆತ್ತ ಬೆಲೆ

ಲೆಕ್ಕಪತ್ರ ಶಾಸ್ತ್ರದಲ್ಲಿ ಒಂದು ವಿಚಿತ್ರ ನಿಯಮವಿದೆ. ಒಂದು ಸಂಸ್ಥೆಯು ಮತ್ತೊಂದನ್ನು ಕೊಂಡಾಗ, ಅದರ ಆಸ್ತಿಯ ಮೌಲ್ಯಕ್ಕಿಂತ ಹೆಚ್ಚಾಗಿ ತೆತ್ತ ಹಣವನ್ನು ಗುಡ್‌ವಿಲ್ ಎಂದು ಅಢಾವೆ ಪತ್ರಿಕೆಯಲ್ಲಿ ತೋರಿಸಬಹುದು. ಆದರೆ ಹತ್ತಾರು ವರ್ಷ ತಾನೇ ದುಡಿದು ಗಳಿಸಿದ ಹೆಸರನ್ನು ಒಂದು ರೂಪಾಯಿ ಮೌಲ್ಯಕ್ಕೂ ಅಲ್ಲಿ ಬರೆದುಕೊಳ್ಳುವಂತಿಲ್ಲ. ಜಪಾನಿನ ಟೊಯೋಟಾ ಸಂಸ್ಥೆಯ ಅತಿ ದೊಡ್ಡ ಸ್ವತ್ತು ಹೀಗೆ ಲೆಕ್ಕದ ಪುಸ್ತಕದ ಹೊರಗೇ ಉಳಿದಿದೆ. ‘ಕೆಡದ ಗಾಡಿ’ ಎಂಬ ಒಂದು ಮಾತಿನ ಮೇಲೆ ಸಮೂಹವು 2023ರಲ್ಲಿ ವಿಶ್ವಾದ್ಯಂತ 1 ಕೋಟಿ 10 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಮಾರಿತು. ಆ ಮಾತು ಹುಟ್ಟಿದ ಬಗೆಯೂ, ಅದಕ್ಕೆ ಕುತ್ತು ಬಂದ ಸಂದರ್ಭಗಳೂ ಸಣ್ಣ ಉದ್ದಿಮೆದಾರರು ಗಮನಿಸತಕ್ಕಂಥವು. ಏಕೆಂದರೆ ಈ ಕಥೆಯಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಗಳ ಪಾತ್ರವು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬಹಳ ದೊಡ್ಡದು.

ಬಡಗಿಯ ಮಗನ ಮಗ್ಗ

ಸಂಸ್ಥೆಯ ಮೂಲಪುರುಷ ಸಕಿಚಿ ಟೊಯೋಡಾ 1867ರಲ್ಲಿ, ಇಂದಿನ ಶಿಜುವೊಕಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಜನಿಸಿದರು. 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ಮೊದಲ ಪೇಟೆಂಟ್ ಪಡೆದರು. ಮೂರು ದಶಕಗಳ ಪ್ರಯೋಗದ ನಂತರ 1924ರಲ್ಲಿ ಪೂರ್ಣಗೊಂಡ ಅವರ ಸ್ವಯಂಚಾಲಿತ ಮಗ್ಗವು, ಓಟ ನಿಲ್ಲಿಸದೆಯೇ ಲಾಳಿಯನ್ನು ಬದಲಿಸಿಕೊಳ್ಳುತ್ತಿತ್ತು. ಹಾಸಿನ ಎಳೆಯೊಂದು ಕಡಿದರೆ ತಾನಾಗಿಯೇ ನಿಲ್ಲುತ್ತಿತ್ತು. ದೋಷವುಳ್ಳ ಬಟ್ಟೆ ಗಜಗಟ್ಟಲೆ ನೇಯ್ದುಹೋಗುವ ಮುನ್ನವೇ ಯಂತ್ರ ನಿಲ್ಲಬೇಕೆಂಬ ಈ ತತ್ವವೇ ಮುಂದೆ ಮೋಟಾರು ಕಾರ್ಖಾನೆಗೂ ಬಂದಿತು.

1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನ ಪ್ಲಾಟ್ ಬ್ರದರ್ಸ್ ಸಂಸ್ಥೆಯು ಈ ಮಗ್ಗದ ಹಕ್ಕುಗಳಿಗೆ 1 ಲಕ್ಷ ಪೌಂಡ್ ಕೊಡಲು ಒಪ್ಪಿತು. ಈ ಹಣದಿಂದಲೇ ಕಾರು ತಯಾರಿಕೆ ಆರಂಭವಾಯಿತೆಂಬ ಕಥೆ ಬಹು ಜನಪ್ರಿಯವಾಗಿದೆ. ಪ್ಲಾಟ್‌ನವರು ಮುಂದೆ ಚೌಕಾಸಿ ಮಾಡಿ ಆ ಮೊತ್ತವನ್ನು ತಗ್ಗಿಸಿಕೊಂಡರೆಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ. ಮೋಟಾರು ವಿಭಾಗದ ವೆಚ್ಚವನ್ನು ಬಹುಪಾಲು ಹೊತ್ತದ್ದು ದಿನನಿತ್ಯ ಮಗ್ಗ ಮಾರಿ ಬಂದ ಲಾಭವೇ.

ಸಕಿಚಿಯವರ ಮಗ ಕಿಚಿರೋ ಟೊಯೋಡಾ 1933ರಲ್ಲಿ ಮಗ್ಗದ ಕಂಪನಿಯೊಳಗೇ ಮೋಟಾರು ವಿಭಾಗ ತೆರೆದರು. ಆಗ ಜಪಾನಿನ ಮಾರುಕಟ್ಟೆಯು ಅಲ್ಲಿಯೇ ಜೋಡಣಾ ಘಟಕಗಳನ್ನಿಟ್ಟಿದ್ದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಕೈಯಲ್ಲಿತ್ತು. 1935ರಲ್ಲಿ ಹೊರಬಂದ ಜಿ1 ಟ್ರಕ್ಕು ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಕಂಪನಿಯವರು ಗಿರಾಕಿ ಇದ್ದಲ್ಲಿಗೇ ಹೋಗಿ ಉಚಿತವಾಗಿ ದುರಸ್ತಿ ಮಾಡಿ, ಪ್ರತಿಯೊಂದು ದೋಷವನ್ನೂ ಬರೆದುಕೊಂಡು ಬಂದು ತಿದ್ದಿದರು. ಇಂದು ಬಾಳಿಕೆಗೆ ಹೆಸರಾದ ಸಂಸ್ಥೆಯ ಮೊದಲ ಮಾಲು ಬಾಳಿಕೆ ಬರಲಿಲ್ಲವೆಂಬುದು ಹೊಸದಾಗಿ ಉತ್ಪಾದನೆಗಿಳಿದವರಿಗೆ ಕೊಂಚ ಸಮಾಧಾನ ತರಬಹುದು. 1936ರಲ್ಲಿ ಹೆಸರಿಗಾಗಿ ಸಾರ್ವಜನಿಕ ಸ್ಪರ್ಧೆ ನಡೆದು ‘ಟೊಯೋಡಾ’ ಹೋಗಿ ‘ಟೊಯೋಟಾ’ ಆಯಿತು. ಜಪಾನಿ ಲಿಪಿಯಲ್ಲಿ ಅದನ್ನು ಬರೆಯಲು ಎಂಟು ಗೆರೆಗಳು ಸಾಕು, ಎಂಟು ಅಲ್ಲಿ ಶುಭಸಂಖ್ಯೆ. ಮರುವರ್ಷ ಪ್ರತ್ಯೇಕ ಕಂಪನಿಯು ಸ್ಥಾಪನೆಯಾಯಿತು.

ಬ್ಯಾಂಕಿನ ಬಾಗಿಲಲ್ಲಿ

ಮಹಾಯುದ್ಧದ ನಂತರ, 1949ರಲ್ಲಿ ಹಣದುಬ್ಬರವನ್ನು ತಡೆಯಲು ಜಪಾನಿನಲ್ಲಿ ಕಠಿಣ ಆರ್ಥಿಕ ನೀತಿ ಜಾರಿಯಾಯಿತು. ಸಾಲ ಹುಟ್ಟುವುದು ದುರ್ಲಭವಾಯಿತು. ಮಾರಿದ ಟ್ರಕ್ಕುಗಳ ಬಾಕಿ ವಸೂಲಾಗಲಿಲ್ಲ. ಮಾರದ ಟ್ರಕ್ಕುಗಳು ಅಂಗಳದಲ್ಲಿ ನಿಂತವು. ಆ ವರ್ಷದ ಕೊನೆಗೆ ಟೊಯೋಟಾ ದಿವಾಳಿಯ ಅಂಚಿಗೆ ಬಂದಿತ್ತು. ಬ್ಯಾಂಕ್ ಆಫ್ ಜಪಾನ್‌ನ ನಗೋಯಾ ಶಾಖೆಯ ಮಧ್ಯಸ್ಥಿಕೆಯಿಂದ 24 ಬ್ಯಾಂಕುಗಳ ಒಕ್ಕೂಟವು ಸಾಲ ಕೊಟ್ಟಿತಾದರೂ ಷರತ್ತುಗಳು ಕಟುವಾಗಿದ್ದವು. ಮಾರಾಟಕ್ಕೆ ಬೇರೆಯೇ ಕಂಪನಿ ಸ್ಥಾಪಿಸಬೇಕು. ಅದು ಮಾರಬಲ್ಲಷ್ಟು ಗಾಡಿಗಳನ್ನು ಮಾತ್ರವೇ ತಯಾರಿಸಬೇಕು. ಹೆಚ್ಚುವರಿ ನೌಕರರನ್ನು ತೆಗೆಯಬೇಕು.

ಯಾರನ್ನೂ ಕೆಲಸದಿಂದ ಬಿಡಿಸುವುದಿಲ್ಲವೆಂದು ಕಿಚಿರೋ ಕಾರ್ಮಿಕರಿಗೆ ಮಾತು ಕೊಟ್ಟಿದ್ದರು. 1950ರ ಏಪ್ರಿಲ್‌ನಿಂದ ಜೂನ್‌ವರೆಗೆ ಮುಷ್ಕರ ನಡೆಯಿತು. ಕೊನೆಗೆ ಸುಮಾರು 2,000 ಮಂದಿ ಕೆಲಸ ಬಿಟ್ಟರು. ಕೊಟ್ಟ ಮಾತು ಉಳಿಸಿಕೊಳ್ಳಲಾಗದ ಕಿಚಿರೋ ತಾವೂ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅದೇ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಆರಂಭವಾಗಿ ಅಮೆರಿಕದ ಸೇನೆಯಿಂದ ಟ್ರಕ್ಕುಗಳಿಗೆ ದೊಡ್ಡ ಬೇಡಿಕೆ ಬಂದಿತು, ಕಂಪನಿ ಬದುಕಿಕೊಂಡಿತು. ಎರಡು ವರ್ಷಗಳ ನಂತರ ಮತ್ತೆ ಅಧ್ಯಕ್ಷರಾಗಲು ಒಪ್ಪಿದ್ದ ಕಿಚಿರೋ, ಅಧಿಕಾರ ವಹಿಸಿಕೊಳ್ಳುವ ಮೊದಲೇ, 1952ರ ಮಾರ್ಚಿಯಲ್ಲಿ, 57ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಪ್ರಸಂಗದ ಮುದ್ರೆ ಸಂಸ್ಥೆಯ ಮೇಲೆ ಆಳವಾಗಿ ಬಿದ್ದಿದೆ. ಮಗ್ಗದ ಕಂಪನಿಯಿಂದ ಬಂದು ಚುಕ್ಕಾಣಿ ಹಿಡಿದ ತೈಜೋ ಇಶಿದಾ ಅವರು ಮಿತವ್ಯಯಕ್ಕೆ ಹೆಸರಾದವರು. ಮುಂದಿನ ದಶಕಗಳಲ್ಲಿ ಕಂಪನಿಯು ಕೈಯಲ್ಲಿ ಎಷ್ಟು ನಗದು ಕೂಡಿಹಾಕಿತೆಂದರೆ ಜಪಾನಿನ ಪತ್ರಿಕೆಗಳು ಅದನ್ನು ‘ಟೊಯೋಟಾ ಬ್ಯಾಂಕ್’ ಎಂದೇ ಕರೆಯತೊಡಗಿದವು.

ದಾಸ್ತಾನಿನ ಲೆಕ್ಕ

ಮಾರುವಷ್ಟೇ ತಯಾರಿಸಬೇಕೆಂಬ ಬ್ಯಾಂಕುಗಳ ಷರತ್ತನ್ನು ಕಾರ್ಖಾನೆಯ ಒಳಗೆ ಒಂದು ವಿಧಾನವಾಗಿ ಬೆಳೆಸಿದವರು ತೈಚಿ ಓನೋ. ಇವರೂ ನೂಲಿನ ಗಿರಣಿಯಿಂದಲೇ ಬಂದವರು. ಗಿರಾಕಿ ತೆಗೆದುಕೊಂಡಷ್ಟನ್ನು ಮಾತ್ರ ಮತ್ತೆ ತುಂಬಿಸುವ ಅಮೆರಿಕದ ಸೂಪರ್‌ಮಾರ್ಕೆಟ್ಟುಗಳ ಕ್ರಮ ಅವರ ಮನಸ್ಸನ್ನು ಸೆಳೆಯಿತು. ಬಿಡಿಭಾಗಗಳ ಪ್ರತಿ ಡಬ್ಬಿಗೂ ಒಂದು ಚೀಟಿ. ಭಾಗಗಳು ಬಳಕೆಯಾದೊಡನೆ ಚೀಟಿ ಹಿಂದಿನ ವಿಭಾಗಕ್ಕೆ ಮರಳುತ್ತದೆ. ಚೀಟಿ ಬಂದಷ್ಟೇ ಸರಕು ತಯಾರಾಗುತ್ತದೆ. ‘ಕಾನ್‌ಬಾನ್’ ಎಂದು ಜಗತ್ಪ್ರಸಿದ್ಧವಾದ ಪದ್ಧತಿ ಇಷ್ಟು ಸರಳ. 1950ರ ದಶಕದಲ್ಲಿ ಕೆಲವೇ ವಿಭಾಗಗಳಲ್ಲಿ ಆರಂಭವಾಗಿ, 1960ರ ದಶಕದಲ್ಲಿ ಇಡೀ ಸಂಸ್ಥೆಗೂ ಸರಬರಾಜುದಾರರಿಗೂ ಹಬ್ಬಿತು.

ದಾಸ್ತಾನು ಕಡಿಮೆಯಾದರೆ ದುಡಿಯುವ ಬಂಡವಾಳದ ಮೇಲಿನ ಬಡ್ಡಿ ಉಳಿಯುತ್ತದೆಂಬುದನ್ನು ಯಾವ ವರ್ತಕರಿಗೂ ವಿವರಿಸಬೇಕಾಗಿಲ್ಲ. ಓನೋ ಕಂಡ ಲಾಭ ಬೇರೆಯದು. ಗೋದಾಮು ತುಂಬಿರುವಾಗ ದೋಷಗಳು ರಾಶಿಯ ಕೆಳಗೆ ಅಡಗಿರುತ್ತವೆ. ಕೆಟ್ಟ ಭಾಗದ ಬದಲು ಇನ್ನೊಂದನ್ನು ತೆಗೆದುಕೊಂಡು ಕೆಲಸ ಸಾಗುತ್ತದೆ. ಬದಲಿ ಭಾಗವೇ ಇಲ್ಲದಾಗ ದೋಷದ ಮೂಲವನ್ನು ಆ ಕ್ಷಣವೇ ಹುಡುಕಬೇಕಾಗುತ್ತದೆ. ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಜೋಡಣಾ ಸಾಲನ್ನು ನಿಲ್ಲಿಸಬಹುದೆಂಬ ಅಲ್ಲಿನ ನಿಯಮವು, ಎಳೆ ಕಡಿದರೆ ನಿಲ್ಲುವ ಮಗ್ಗದ ಮುಂದುವರಿಕೆಯೇ ಆಗಿದೆ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಈ ಪದ್ಧತಿಯ ಹೆಸರನ್ನು ಎರವಲು ಪಡೆದ ಅನೇಕ ದೊಡ್ಡ ಕಂಪನಿಗಳು ಜಗತ್ತಿನಾದ್ಯಂತ ಮಾಡಿದ್ದು ತಮ್ಮ ದಾಸ್ತಾನನ್ನು ಸರಬರಾಜುದಾರನ ಶೆಡ್ಡಿಗೆ ವರ್ಗಾಯಿಸಿದ್ದಷ್ಟೇ. ಸರಕು ದಿನಕ್ಕೆ ನಾಲ್ಕು ಬಾರಿ ಬರಬೇಕು, ಹಣ ಮಾತ್ರ ನಾಲ್ಕು ತಿಂಗಳ ನಂತರ ಎಂಬುದು ಕಾನ್‌ಬಾನ್ ಅಲ್ಲ. ಭಾರತದಲ್ಲಿ 2006ರ ಸಣ್ಣ ಉದ್ದಿಮೆಗಳ ಕಾಯ್ದೆಯು ಪಾವತಿಗೆ 45 ದಿನಗಳ ಗರಿಷ್ಠ ಮಿತಿ ಹಾಕಿದ್ದರೂ ಬಾಕಿಗಾಗಿ ಅಲೆಯುವುದು ನಿಂತಿಲ್ಲ.

ಟೊಯೋಟಾ ಮತ್ತು ಅದರ ಸರಬರಾಜುದಾರರ ಸಂಬಂಧ ಎಂಥದೆಂಬುದು 1997ರ ಫೆಬ್ರವರಿ 1ರಂದು ಪರೀಕ್ಷೆಗೊಳಗಾಯಿತು. ಅಂದು ಬೆಳಗಿನ ಜಾವ ಐಸಿನ್ ಸೈಕಿ ಸಂಸ್ಥೆಯ ಕರಿಯಾ ಕಾರ್ಖಾನೆಗೆ ಬೆಂಕಿ ಬಿದ್ದಿತು. ಹಿಂಚಕ್ರಗಳ ಬ್ರೇಕಿನ ಒತ್ತಡವನ್ನು ನಿಯಂತ್ರಿಸುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಾಲ್ವೊಂದನ್ನು ಟೊಯೋಟಾಕ್ಕೆ ಹೆಚ್ಚುಕಡಿಮೆ ಪೂರ್ತಿಯಾಗಿ ಅಲ್ಲಿಂದಲೇ ಪಡೆಯಲಾಗುತ್ತಿತ್ತು. ದಾಸ್ತಾನು ಎರಡು ಮೂರು ದಿನಕ್ಕೆ ಮಾತ್ರ ಇತ್ತು. ಕೆಲವೇ ದಿನಗಳಲ್ಲಿ ಜಪಾನಿನಲ್ಲಿನ ಟೊಯೋಟಾ ಕಾರ್ಖಾನೆಗಳು ಬಹುಪಾಲು ನಿಂತುಹೋದವು.

ಮುಂದೆ ನಡೆದದ್ದು ಉದ್ಯಮ ಚರಿತ್ರೆಯಲ್ಲಿ ಅಪರೂಪದ ಘಟನೆ. ಐಸಿನ್ ತನ್ನ ನಕ್ಷೆಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. 60ಕ್ಕೂ ಹೆಚ್ಚು ಸಂಸ್ಥೆಗಳು, ಹಿಂದೆಂದೂ ಆ ವಾಲ್ವನ್ನು ಮಾಡದಿದ್ದವು, ತಮ್ಮಲ್ಲಿದ್ದ ಸಾಮಾನ್ಯ ಯಂತ್ರಗಳನ್ನೇ ಹೊಂದಿಸಿಕೊಂಡು ಹಗಲಿರುಳು ತಯಾರಿಕೆಗೆ ತೊಡಗಿದವು. ಅವರಲ್ಲಿ ಹೊಲಿಗೆ ಯಂತ್ರಗಳಿಗೆ ಹೆಸರಾದ ಬ್ರದರ್ ಸಂಸ್ಥೆಯೂ ಒಂದು. ಬೆಲೆಯ ಮಾತನ್ನು ಯಾರೂ ಮೊದಲು ಎತ್ತಲಿಲ್ಲ. ಹತ್ತು ದಿನಗಳೊಳಗೆ ಉತ್ಪಾದನೆ ಬಹುಮಟ್ಟಿಗೆ ಸಹಜ ಸ್ಥಿತಿಗೆ ಬಂದಿತು. ಆಮೇಲೆ ಐಸಿನ್ ಆ ಸಂಸ್ಥೆಗಳ ನೇರ ಖರ್ಚನ್ನು ಭರಿಸಿತು. ಟೊಯೋಟಾ ತನ್ನ ಪ್ರಧಾನ ಸರಬರಾಜುದಾರರಿಗೆ ಆ ತ್ರೈಮಾಸಿಕದ ವಹಿವಾಟಿನ ಶೇಕಡಾ 1ರಷ್ಟನ್ನು ಕೃತಜ್ಞತೆಯಾಗಿ ಕೊಟ್ಟಿತು.

ಹಾಗೆಂದು ಸಂಸ್ಥೆಯು ತನ್ನ ತತ್ವಕ್ಕೆ ಕುರುಡಾಗಿ ಅಂಟಿಕೊಂಡಿತೆಂದೂ ಅಲ್ಲ. 2011ರ ಭೂಕಂಪದ ನಂತರ, ಸೆಮಿಕಂಡಕ್ಟರ್ ಚಿಪ್‌ಗಳನ್ನು ತಿಂಗಳುಗಟ್ಟಲೆ ದಾಸ್ತಾನಿಡುವಂತೆ ಸರಬರಾಜುದಾರರಿಗೆ ಸೂಚಿಸಿತು. 2021ರ ಆರಂಭದಲ್ಲಿ ಚಿಪ್ ಅಭಾವದಿಂದ ಇತರರು ಕಾರ್ಖಾನೆ ಮುಚ್ಚುತ್ತಿದ್ದಾಗ ಟೊಯೋಟಾ ಕೆಲವು ತಿಂಗಳು ತಡೆದುಕೊಂಡದ್ದು ಈ ಕಾರಣದಿಂದ.

ಅಮೆರಿಕದಲ್ಲಿ ಏಳುಬೀಳು

1957ರಲ್ಲಿ ಅಮೆರಿಕಕ್ಕೆ ಹೋದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಗಳ ವೇಗವನ್ನು ತಾಳಲಾರದೆ ಹೋಯಿತು. 1960ರ ಕೊನೆಗೆ ಆ ಕಾರಿನ ರಫ್ತನ್ನೇ ನಿಲ್ಲಿಸಿ, ಕೊರೋನಾದಂಥ ಹೊಸ ಮಾದರಿಗಳೊಡನೆ ಮರಳಿ ಹೋಗಬೇಕಾಯಿತು. 1966ರಲ್ಲಿ ಬಂದ ಕೊರೊಲ್ಲಾ ಮುಂದೆ ಲೋಕದ ಅತಿ ಹೆಚ್ಚು ಮಾರಾಟವಾದ ಕಾರಿನ ಹೆಸರಾಯಿತು. 1989ರಲ್ಲಿ ಲೆಕ್ಸಸ್ ಎಂಬ ಐಷಾರಾಮಿ ಕಾರು ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, ಬೆರಳೆಣಿಕೆಯ ದೂರುಗಳ ಮೇಲೆ, ಮಾರಿದ್ದ ಸುಮಾರು 8,000 ಕಾರುಗಳನ್ನೂ ವಾಪಸು ಕರೆಯಲಾಯಿತು. ಮಾಲೀಕರ ಮನೆಯಿಂದಲೇ ಕಾರನ್ನೊಯ್ದು, ಸರಿಪಡಿಸಿ, ತೊಳೆದು, ಪೆಟ್ರೋಲು ತುಂಬಿಸಿ ಮರಳಿಸಿದರು.

ಇಪ್ಪತ್ತು ವರ್ಷಗಳ ನಂತರದ ಪ್ರಸಂಗ ಇದಕ್ಕೆ ತದ್ವಿರುದ್ಧ. 2008ರಲ್ಲಿ ಜನರಲ್ ಮೋಟರ್ಸನ್ನು ಹಿಂದಿಕ್ಕಿ ಟೊಯೋಟಾ ಮೊದಲ ಸ್ಥಾನಕ್ಕೇರಿತ್ತು. 2009-10ರಲ್ಲಿ, ನೆಲಹಾಸಿಗೆ ಸಿಕ್ಕಿಕೊಳ್ಳುವ ಹಾಗೂ ಒತ್ತಿದಲ್ಲೇ ನಿಲ್ಲುವ ಆಕ್ಸಿಲರೇಟರ್ ಪೆಡಲ್‌ಗಳ ದೆಸೆಯಿಂದ 80 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ವಾಪಸು ಕರೆಯಬೇಕಾಯಿತು. ಸಂಸ್ಥಾಪಕರ ಮೊಮ್ಮಗ ಅಕಿಯೋ ಟೊಯೋಡಾ 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ನಿಂತು ಕ್ಷಮೆ ಕೇಳಿದರು. ಬೆಳವಣಿಗೆಯ ವೇಗ ಅತಿಯಾಯಿತೇನೋ ಎಂದು ಒಪ್ಪಿಕೊಂಡರು. ವಿದ್ಯುನ್ಮಾನ ವ್ಯವಸ್ಥೆಯಲ್ಲಿ ದೋಷವಿರಲಿಲ್ಲವೆಂದು 2011ರಲ್ಲಿ ನಾಸಾ ತಜ್ಞರ ಅಧ್ಯಯನ ಹೇಳಿದರೂ, ಪೆಡಲ್ ದೋಷದ ವಿಷಯದಲ್ಲಿ ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕಾಗಿ 2014ರಲ್ಲಿ 120 ಕೋಟಿ ಡಾಲರ್ ದಂಡ ತೆರಬೇಕಾಯಿತು.

ಬಿಡದಿಯ ಅಧ್ಯಾಯ

ಕರ್ನಾಟಕಕ್ಕೆ ಈ ಸಮೂಹ ಮೊದಲು ಬಂದದ್ದು ಕಾರಿನೊಂದಿಗಲ್ಲ. 1995ರಲ್ಲಿ ಕಿರ್ಲೋಸ್ಕರ್ ಸಹಯೋಗದಲ್ಲಿ ಸ್ಥಾಪನೆಯಾದದ್ದು ನೂಲುವ ಯಂತ್ರಗಳ ಕಂಪನಿ. ಪಾಲುದಾರ, ಸಕಿಚಿ ಕಟ್ಟಿದ ಅದೇ ಮಗ್ಗದ ಸಂಸ್ಥೆ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ನೋಂದಣಿಯಾಗಿ, ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಯಲ್ಲಿ ಕಾರ್ಖಾನೆ ಎದ್ದಿತು. 2000ದ ಜನವರಿಯಲ್ಲಿ ಬಂದ ಕ್ವಾಲಿಸ್ ನೋಡಲು ಪೆಟ್ಟಿಗೆಯಂತಿತ್ತು, ತಂತ್ರಜ್ಞಾನವೂ ಹಳೆಯದೆಂದು ಮೂಗು ಮುರಿದವರುಂಟು. ಆದರೆ ಬೆಂಗಳೂರಿನ ಕಾಲ್‌ಸೆಂಟರ್‌ಗಳ ರಾತ್ರಿ ಪಾಳಿಯನ್ನು ವರ್ಷಗಟ್ಟಲೆ ಹೊತ್ತು ತಿರುಗಿದ ಗಾಡಿ ಅದೇ. ಬೇಡಿಕೆ ಇನ್ನೂ ಚೆನ್ನಾಗಿದ್ದಾಗಲೇ, 2005ರಲ್ಲಿ, ಅದನ್ನು ನಿಲ್ಲಿಸಿ ಇನ್ನೋವಾ ತಂದದ್ದು ಅಂದು ಅನೇಕರಿಗೆ ಅವಿವೇಕವೆನಿಸಿತ್ತು. ಓಡುವ ಸರಕನ್ನು ತಾನಾಗಿ ಅಂಗಡಿಯಿಂದ ಇಳಿಸುವ ಧೈರ್ಯ ಎಷ್ಟು ಮಂದಿ ವರ್ತಕರಿಗಿದ್ದೀತು?

2007ರಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗಾಗಿ ತಾಂತ್ರಿಕ ತರಬೇತಿ ಸಂಸ್ಥೆಯೂ ಬಿಡದಿಯಲ್ಲಿ ಆರಂಭವಾಯಿತು. ಆದರೂ ಜಪಾನಿನ ಕಾರ್ಮಿಕ ಸೌಹಾರ್ದ ಇಲ್ಲಿ ಅಷ್ಟು ಸುಲಭವಾಗಿ ನೆಲೆಯೂರಲಿಲ್ಲ. 2006, 2014 ಮತ್ತು 2020ರಲ್ಲಿ ಲಾಕೌಟ್ ಘೋಷಣೆಯಾಯಿತು. 2020ರ ವಿವಾದ ಮರುವರ್ಷದವರೆಗೂ ಎಳೆದು, ಸರಬರಾಜು ಘಟಕಗಳೂ ನಷ್ಟ ಅನುಭವಿಸಿದವು.

2023ರ ಡಿಸೆಂಬರಿನಲ್ಲಿ ಸಮೂಹದ ಸಣ್ಣ ಕಾರುಗಳ ಕಂಪನಿ ಡೈಹಾಟ್ಸು, ಸುರಕ್ಷತಾ ಪರೀಕ್ಷೆಗಳಲ್ಲಿ ಹಲವು ವರ್ಷಗಳಿಂದ ಅಕ್ರಮ ಎಸಗಿದ್ದು ಹೊರಬಿದ್ದು, ತನ್ನ ವಾಹನಗಳ ರವಾನೆಯನ್ನೇ ನಿಲ್ಲಿಸಬೇಕಾಯಿತು. ಟೊಯೋಟಾ ಮುದ್ರೆಯಡಿ ಮಾರಾಟವಾಗುತ್ತಿದ್ದ ಮಾದರಿಗಳೂ ಅದರಲ್ಲಿದ್ದವು. ವಿಚಾರಣೆ ನಡೆಸಿದ ಸ್ವತಂತ್ರ ಸಮಿತಿಯು ಬೊಟ್ಟು ಮಾಡಿದ್ದು, ಹೊಸ ಮಾದರಿಗಳನ್ನು ಅತಿ ಕಡಿಮೆ ಅವಧಿಯಲ್ಲಿ ಸಿದ್ಧಪಡಿಸಬೇಕೆಂಬ ಮೇಲಿನವರ ಒತ್ತಡದತ್ತ. ತಪ್ಪು ಕಂಡರೂ ಹಗ್ಗ ಎಳೆದು ಸಾಲು ನಿಲ್ಲಿಸುವ ವಾತಾವರಣ ಪರೀಕ್ಷಾ ವಿಭಾಗದಲ್ಲಿ ಇರಲಿಲ್ಲ. 2024ರ ಜನವರಿಯ ಕೊನೆಗೆ ಅಕಿಯೋ ಟೊಯೋಡಾ ಮತ್ತೊಮ್ಮೆ ಪತ್ರಕರ್ತರ ಮುಂದೆ ತಲೆಬಾಗಿ ಕ್ಷಮೆ ಯಾಚಿಸಿದರು.